ಹೋ ಚಿ ಮಿನ್ಹ್ ಈಗ ಬಂದರೆ ಏನು ಕೇಳುತ್ತಿದ್ದರು?

ಬರುವ ತಿಂಗಳು ಶಿರಸಿಯಿಂದ ಹೋ ಚಿ ಮಿನ್ಹ್ ಸಿಟಿಗೆ ಕೆಲಸಕ್ಕೆ ಬರುತ್ತಿದ್ದೀರಿ, ಸಂತೋಷ. ಊಟ, ಬಾಡಿಗೆ ಎಲ್ಲ ಕೇಳಿ ಕೊನೆಗೆ ಒಂದು ಪ್ರಶ್ನೆ ಹಾಕಿದ್ದೀರಿ: ಕಮ್ಯುನಿಸ್ಟ್ ವಿಯೆಟ್ನಾಂನಲ್ಲಿ ಇಷ್ಟೊಂದು ಮಾಲ್ ನೋಡಿದ್ದರೆ ಆ ಮುದುಕ, ಅಂದರೆ ಈ ಊರಿಗೆ ಹೆಸರಾದ ದೇಶದ ಸ್ವಾತಂತ್ರ್ಯ ಹೋರಾಟದ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ಹ್, ಎದೆ ಬಡಿದುಕೊಳ್ಳುತ್ತಿದ್ದರು, ಅಲ್ವಾ ಅಂತ.

ಮೊದಲು ಊಟ. ಸಸ್ಯಾಹಾರಿ ಅಂದಿದ್ದೀರಿ. 'ಚಾಯ್' (Chay) ಅನ್ನುವ ಬೋರ್ಡ್ ಇರುವ ಹೋಟೆಲ್ ಹುಡುಕಿ, ಇಲ್ಲಿ ಹಾಗಂದರೆ ಚಹಾ ಅಲ್ಲ, ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿನ ಎಷ್ಟೋ ಬೌದ್ಧರು ಮಾಂಸ ಬಿಡುತ್ತಾರೆ, ಅವತ್ತು ಅಲ್ಲಿ ರಶ್ ಜಾಸ್ತಿ. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರಬಹುದು. ನಾನು ಅಂಕೋಲೆಯವನು, ನನಗೆ ಆ ತಾಪತ್ರಯ ಇಲ್ಲ.

ಇನ್ನು ಹೋ ಚಿ ಮಿನ್ಹ್. ಮಾಲ್ ನೋಡಿ ಅವರು ಬೆಚ್ಚುತ್ತಿರಲಿಲ್ಲ. 1911ರಲ್ಲಿ ಇದೇ ಊರಿನಿಂದ ಫ್ರೆಂಚ್ ಹಡಗಿನ ಅಡುಗೆಮನೆ ಆಳಾಗಿ ಹೊರಟ ಹುಡುಗ ಅವರು. ಆಗಿನ ಹೆಸರು ಸೈಗಾನ್, ಜನ ಈಗಲೂ ಹಾಗೇ ಕರೆಯುತ್ತಾರೆ. ಲಂಡನ್ ನೋಡಿದರು, ಪ್ಯಾರಿಸ್‌ನಲ್ಲಿ ಫೋಟೋ ತಿದ್ದುವ ಕೆಲಸ ಮಾಡಿದರು, ಮಾಸ್ಕೋಗೂ ಹೋದರು. ದೇಶಕ್ಕೆ ಮರಳಿದ್ದು 1941ರಲ್ಲಿ. ಪರದೇಶದ ಬಾಡಿಗೆ ಕೋಣೆ ಎಂದರೇನು ಎಂದು ನಮ್ಮಿಬ್ಬರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಇಲ್ಲಿನ 81 ಮಹಡಿ ಕಟ್ಟಡವನ್ನು ಒಮ್ಮೆ ತಲೆಯೆತ್ತಿ ನೋಡಿ, ನೇರ ಶೂ ಫ್ಯಾಕ್ಟರಿ ಗೇಟಿಗೆ ಹೋಗುತ್ತಿದ್ದರು ಅಂತ ನನ್ನ ಊಹೆ. ವಿದೇಶಿ ಕಂಪನಿಗೆ ಹೊಲಿಯುವ ಹುಡುಗಿಗೆ ಸಂಬಳ ಎಷ್ಟು, ಓವರ್‌ಟೈಮ್ ಎಷ್ಟು ಅಂತ ಕೇಳುತ್ತಿದ್ದರು. ಅಲ್ಲಿ ಕಸಿವಿಸಿ ಆಗುತ್ತಿತ್ತು.

ಹೊಲದ ಕಡೆ ಹೋದರೆ ಬೇರೆ ಕಥೆ. ಅವರ ಕಾಲದಲ್ಲಿ ಸಾಮೂಹಿಕ ಬೇಸಾಯ. 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದ 'ದೊಯ್ ಮೊಯ್' ಸುಧಾರಣೆ ಬಂತು, 1988ರಿಂದ ಸಾಗುವಳಿ ಮನೆಮನೆಯ ಕೈಗೆ ಬಂತು. ಮರುವರ್ಷವೇ ದೇಶ ದೊಡ್ಡ ಪ್ರಮಾಣದಲ್ಲಿ ಅಕ್ಕಿ ರಫ್ತು ಮಾಡಿತು. ಆಮೇಲೆ ಗುಡ್ಡಗಳ ಮೇಲೆ ಕಾಳುಮೆಣಸು. ನಿಮ್ಮ ಶಿರಸಿ ಮಾರ್ಕೆಟ್‌ನಲ್ಲಿ ದರ ಬಿದ್ದಾಗ ಎಲ್ಲರೂ ಬೈಯುವುದು ಇದೇ ವಿಯೆಟ್ನಾಂ ಮೆಣಸನ್ನು! ಇದನ್ನೆಲ್ಲ ನೋಡಿ ಹೋ ಚಿ ಮಿನ್ಹ್ ಸಿದ್ಧಾಂತ ತಪ್ಪಿತು ಅಂತ ಗೊಣಗುತ್ತಿದ್ದರೋ ಏನೋ. ಆದರೆ ಹಸಿವು ಕಂಡ ಮನುಷ್ಯ, ತುಂಬಿದ ಕಣಜದ ಮುಂದೆ ನಿಂತು ಜಗಳ ತೆಗೆಯುತ್ತಿರಲಿಲ್ಲ.

ನಿಜವಾಗಿ ಸಿಟ್ಟು ಬರುತ್ತಿದ್ದುದು ತಮ್ಮದೇ ಸಮಾಧಿ ನೋಡಿ. ನನ್ನನ್ನು ಸುಡಿ, ಬೂದಿಯನ್ನು ಮೂರು ಪಾಲು ಮಾಡಿ ಉತ್ತರ, ಮಧ್ಯ, ದಕ್ಷಿಣದಲ್ಲಿ ಹೂಳಿ ಅಂತ ಉಯಿಲಿನಲ್ಲಿ ಬರೆದಿದ್ದರು. 1969ರಲ್ಲಿ ತೀರಿಕೊಂಡ ಮೇಲೆ ದೇಹವನ್ನು ಕೆಡದಂತೆ ಇಟ್ಟರು. 1975ರಿಂದ ರಾಜಧಾನಿ ಹನೋಯಿಯ ಕಲ್ಲಿನ ಮಹಲಿನಲ್ಲಿ ಗಾಜಿನೊಳಗೆ ಮಲಗಿದ್ದಾರೆ. ಅದೇ ಉಯಿಲಿನ ಕರಡಿನಲ್ಲಿ ಇನ್ನೊಂದು ಮಾತಿತ್ತು: ಅಮೆರಿಕದ ವಿರುದ್ಧದ ಯುದ್ಧ ಗೆದ್ದ ಮೇಲೆ ರೈತರಿಗೆ ಒಂದು ವರ್ಷದ ಕೃಷಿ ತೆರಿಗೆ ಬಿಡಿ. ಮೊದಲು ಪ್ರಕಟಿಸಿದಾಗ ಆ ಸಾಲನ್ನು ಬಿಟ್ಟಿದ್ದರು, ಜನರಿಗೆ ತಿಳಿದದ್ದು 1989ರಲ್ಲಿ. ಬ್ರಿಟಿಷರ ಕಾಲದ ಕರನಿರಾಕರಣೆ ಚಳವಳಿಯಲ್ಲಿ ಜಮೀನು ಕಳೆದುಕೊಂಡ ಅಂಕೋಲೆ, ಸಿದ್ದಾಪುರದ ಮನೆಗಳವರಿಗೆ ಈ ಸಾಲು ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಬಂದ ಹೊಸದರಲ್ಲಿ ಆಫೀಸಿನಲ್ಲಿ ಎತ್ತಬೇಡಿ. ಅವರ ಬಗ್ಗೆ ಸುಮ್ನೆ ಜೋಕ್ ಮಾಡುವುದೂ ಬೇಡ, ಸರಕಾರವನ್ನು ಬೈಯುವವರೂ ಅವರನ್ನು 'ಹೋ ದೊಡ್ಡಪ್ಪ' ಅಂತಲೇ ಕರೆಯುತ್ತಾರೆ. ಹನೋಯಿಗೆ ಹೋದರೆ ಸಮಾಧಿಗೆ ಚಡ್ಡಿ ಹಾಕಿಕೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ. ಬಾಡಿಗೆ ವಿಷಯ, ಆಫೀಸು ಯಾವ ಏರಿಯಾ ಅಂತ ಮೊದಲು ತಿಳಿಸಿ, ಆಮೇಲೆ ಹೇಳುತ್ತೇನೆ.