ಕರ್ಕ್ಯುಮಿನ್ ಅನ್ನು ಬಿಗಿಯಾಗಿ ಹಿಡಿಯುವ ಹೊಸ ಸೈಕ್ಲೋಡೆಕ್ಸ್‌ಟ್ರಿನ್ ಮಾಡಬೇಕು, ಯಾವ ಗುಂಪು ಜೋಡಿಸಲಿ?

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಪಿಎಚ್‌ಡಿ ಶುರು ಮಾಡಿದ್ದೆ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ನೀರಲ್ಲಿ ಕರಗುವುದಿಲ್ಲ, ಸೀಸೆಯ ತಳದಲ್ಲಿ ಕಿತ್ತಳೆ ಪುಡಿಯಾಗಿ ಕೂರುತ್ತದೆ, ಅಲ್ವಾ? ಸೈಕ್ಲೋಡೆಕ್ಸ್‌ಟ್ರಿನ್ ಅಂದರೆ ಸಕ್ಕರೆ ಅಣುಗಳ ಉಂಗುರ. ಅದರಲ್ಲಿ 7 ಗ್ಲೂಕೋಸ್ ಸೇರಿದ ಬೀಟಾ ಉಂಗುರದ ಟೊಳ್ಳಿನಲ್ಲಿ ಅದನ್ನು ಕೂರಿಸೋಣ ಅಂದರೆ, ಆ ಉಂಗುರವೇ ಲೀಟರ್ ನೀರಿಗೆ ಸುಮಾರು 18 ಗ್ರಾಂ ಮಾತ್ರ ಕರಗುತ್ತದೆ. ಹಾಗಾಗಿ ಮೀಥೈಲ್ ಗುಂಪು ಜೋಡಿಸಿದ ಉಂಗುರ ತಗೊಂಡೆ. ದ್ರಾವಣ ತಿಳಿ ಹಳದಿ ಆಯ್ತು. ಆ ದಿನದ ಖುಷಿ ಇನ್ನೂ ನೆನಪಿದೆ.

ಆಮೇಲೆ ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಎಂಟಿಟಿ ಪರೀಕ್ಷೆ. ಕೋಶ ಬದುಕಿದ್ದರೆ ಪ್ಲೇಟಿನ ವೆಲ್ (ಪುಟ್ಟ ಗುಳಿ) ನೇರಳೆ ಆಗುತ್ತದೆ. ನನ್ನವು ಆಗಲೇ ಇಲ್ಲ. ಔಷಧ ಕೆಲಸ ಮಾಡಿತು ಅಂದುಕೊಂಡು 8 ತಿಂಗಳು ಅದರ ಮೇಲೆಯೇ ಕೆಲಸ ಮಾಡಿದೆ. ಒಂದು ದಿನ ಪಕ್ಕದ ಲ್ಯಾಬಿನ ಸೀನಿಯರ್ ಒಬ್ಬರು ಪ್ಲೇಟ್ ನೋಡಿ ಕೇಳಿದರು: "ಖಾಲಿ ಉಂಗುರದ ಸಾಲು ಎಲ್ಲಿ?"

ಇರಲಿಲ್ಲ. ಬರೀ ಕೋಶಗಳ ಸಾಲಿತ್ತು, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ ಕರ್ಕ್ಯುಮಿನ್ ಸಾಲಿತ್ತು. ಔಷಧವಿಲ್ಲದ ಉಂಗುರವನ್ನು ಹಾಕಿರಲೇ ಇಲ್ಲ. ಸಕ್ಕರೆ ತಾನೇ, ಅದೇನು ಮಾಡುತ್ತೆ ಅಂತ ಬಿಟ್ಟಿದ್ದೆ. ಈಗ ಹಾಕಿ ನೋಡಿದರೆ ಆ ವೆಲ್‌ಗಳೂ ನೇರಳೆ ಆಗಲಿಲ್ಲ. ಕರ್ಕ್ಯುಮಿನ್ ಕೂರುವ ಟೊಳ್ಳಿನಲ್ಲೇ ಕೊಲೆಸ್ಟರಾಲ್ ಕೂಡ ಕೂರುತ್ತದೆ. ಮೀಥೈಲ್ ಬೀಟಾ ಉಂಗುರ ಅದನ್ನು ಕೋಶದ ಪೊರೆಯಿಂದಲೇ ಎಳೆದು ತೆಗೆಯುತ್ತದೆ, ಕೆಲವು ಮಿಲಿಮೋಲಾರ್ ಇದ್ದರೆ ಸಾಕು. ಪೂರ್ತಿ ಕರಗಲಿ ಅಂತ ನಾನು ಉಂಗುರ ಜಾಸ್ತಿ ಸುರಿದಿದ್ದೆ. ಹೆಚ್ಚಿನವು ಖಾಲಿಯಾಗಿಯೇ ಕೋಶಗಳಿಗೆ ತಗುಲಿದವು. ಕರ್ಕ್ಯುಮಿನ್ ಏನಾದರೂ ಮಾಡಿತ್ತಾ? ಆ 8 ತಿಂಗಳ ಅಂಕಿಗಳಿಂದ ಹೇಳಲಿಕ್ಕೇ ಆಗಲಿಲ್ಲ.

ಇನ್ನು ನಿಮ್ಮ "ಬಿಗಿಯಾಗಿ" ಅನ್ನುವ ಮಾತು. ನಾನು ಒಪ್ಪುವುದಿಲ್ಲ. ಬಿಡದ ಹಾಗೆ ಹಿಡಿಯುವ ಉಂಗುರ ಆಗಲೇ ಇದೆ, ಸುಗಮಡೆಕ್ಸ್. ಸ್ನಾಯು ಸಡಿಲಿಸುವ ರೊಕುರೋನಿಯಂ ಅನ್ನು ಆಪರೇಷನ್ ಮುಗಿದ ಮೇಲೆ ಹಿಡಿದು, ಅದರ ಕೆಲಸ ನಿಲ್ಲಿಸುವುದಕ್ಕೇ ಅದನ್ನು ಮಾಡಿದ್ದು. ನಿಮ್ಮ ಉಂಗುರ ಔಷಧವನ್ನು ಬಿಡಬೇಕು. ರಕ್ತದಲ್ಲಿ ತೆಳುವಾದಾಗ ತಾನಾಗಿ ಬಿಟ್ಟುಕೊಡುವಷ್ಟು ಸಡಿಲ ಇರಲಿ.

ಹೊಸ ಅಣು ಕಟ್ಟುವುದು ಆಮೇಲೆ. ಮೊದಲು ಹೈಡ್ರಾಕ್ಸಿಪ್ರೊಪೈಲ್ ಬೀಟಾ, ಸಲ್ಫೋಬ್ಯುಟೈಲ್ ಈಥರ್ ಬೀಟಾ ಎಂಬ ಎರಡು ಉಂಗುರಗಳನ್ನೂ ಕೊಂಡು ಹಾಕಿ ನೋಡಿ. ಎರಡನೆಯದರಲ್ಲಿ ಕರಗಿಸಿದ ಮೆಲ್ಫಲಾನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2016ರಲ್ಲೇ ಒಪ್ಪಿಗೆ ಸಿಕ್ಕಿದೆ. ಖಾಲಿ ಉಂಗುರದ ಸಾಲನ್ನು ನಾಳೆಯ ಪ್ಲೇಟಿನಲ್ಲೇ ಹಾಕಿ, ಔಷಧದ ಜೊತೆ ಹಾಕುವಷ್ಟೇ ಪ್ರಮಾಣದಲ್ಲಿ. ಆ ವೆಲ್‌ಗಳ ಬಣ್ಣ ಏನಾಯ್ತು ಅಂತ ಇಲ್ಲೇ ಬರೆಯಿರಿ.