ವಿದೇಶದಲ್ಲಿ ಇರುವಾಗ ನಾಯಿಗೆ ಮೈಕ್ರೋಚಿಪ್ ಹಾಕಿಸಬೇಕಾ?

ಖಂಡಿತ ಹಾಕಿಸಿ. ನಾಯಿ ಯಾರದೆಂದು ಗುರುತಿಸಲು ನೆರವಾಗುವ ಈ ಚಿಪ್ ಅಕ್ಕಿಕಾಳಿನಷ್ಟು ಚಿಕ್ಕದು. ಪಶುವೈದ್ಯರು ಅದನ್ನು ಸೂಜಿಯಿಂದ ಚರ್ಮದ ಕೆಳಗೆ ಸೇರಿಸುತ್ತಾರೆ, ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ. ಬ್ಯಾಟರಿ ಇಲ್ಲದ ಕಾರಣ ನಾಯಿಯ ಜೀವನಪೂರ್ತಿ ಬಾಳುತ್ತದೆ.

ಆದರೆ ಇದು ಜಿಪಿಎಸ್ ಅಲ್ಲ. ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಸ್ಕ್ಯಾನರ್ ಹಿಡಿದರೆ ಒಂದು ಸಂಖ್ಯೆ ಸಿಗುತ್ತದೆ, ಅಷ್ಟೇ. ಆ ಸಂಖ್ಯೆಯ ಜೊತೆ ನಿಮ್ಮ ಈಗಿನ ಫೋನ್ ನಂಬರ್ ನೋಂದಣಿಯಾಗಿರಬೇಕು. ಊರು ಬದಲಿಸಿದವರು ಮರೆಯುವುದು ಇದನ್ನೇ! ಹಳೇ ನಂಬರ್ ಇದ್ದರೆ ಸಿಕ್ಕ ನಾಯಿಯೂ ಮನೆಗೆ ಬರುವುದಿಲ್ಲ, ಅಲ್ವಾ? ಹೊಸ ದೇಶಕ್ಕೆ ಹೋದಾಗ ಅಲ್ಲಿನ ನೋಂದಣಿ ಪಟ್ಟಿಯಲ್ಲೂ ಸೇರಿಸಿ. ಕತ್ತುಪಟ್ಟಿಯ ಬಿಲ್ಲೆ ತೆಗೆಯಬೇಡಿ, ಬೀದಿಯಲ್ಲಿ ಹೋಗುವವರ ಕೈಯಲ್ಲಿ ಸ್ಕ್ಯಾನರ್ ಇರುವುದಿಲ್ಲ.

ಮುಂದೆ ನಾಯಿಯ ಜೊತೆ ಇನ್ನೊಂದು ದೇಶಕ್ಕೆ ಹೋಗುವ ಯೋಚನೆ ಇದ್ದರೆ ಚಿಪ್ ಇನ್ನೂ ಜಾಸ್ತಿ ಮುಖ್ಯ. ಯುರೋಪಿಯನ್ ಒಕ್ಕೂಟ, ಜಪಾನ್, ಆಸ್ಟ್ರೇಲಿಯಾಕ್ಕೆಲ್ಲ ಚಿಪ್ ಕಡ್ಡಾಯ. ಬ್ರಿಟನ್ನಿನಲ್ಲಂತೂ 2016ರಿಂದ ಅಲ್ಲೇ ಸಾಕಿರುವ ನಾಯಿಗಳಿಗೂ ಇರಲೇಬೇಕು. 15 ಅಂಕಿಯ ಸಂಖ್ಯೆ ಇರುವ, ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಚಿಪ್ ಕೇಳಿ ಹಾಕಿಸಿ. ಬೇರೆ ಬಗೆಯದಾದರೆ ಅಲ್ಲಿನ ಸ್ಕ್ಯಾನರ್ ಓದದೇ ಹೋಗಬಹುದು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್ ಇಲ್ಲದಾಗ ಹಾಕಿಸಿದ ಲಸಿಕೆಯನ್ನು ಯುರೋಪಿಯನ್ ಒಕ್ಕೂಟ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮತ್ತೆ ಲಸಿಕೆ ಹಾಕಿಸಿ, ಕನಿಷ್ಠ 21 ದಿನ ಸುಮ್ನೆ ಕಾಯಬೇಕಾಗುತ್ತದೆ. ಜಪಾನಿಗಾದರೆ ಹೆಚ್ಚಿನ ದೇಶಗಳಿಂದ ಹೋಗುವ ನಾಯಿಗಳಿಗೆ, ರೇಬೀಸ್ ಲಸಿಕೆ ಕೆಲಸ ಮಾಡಿದೆಯೇ ಎಂದು ನೋಡುವ ರಕ್ತಪರೀಕ್ಷೆಯ ನಂತರ 180 ದಿನ ಕಾಯುವ ನಿಯಮವಿದೆ. ಹಾಗಾಗಿ ಟಿಕೆಟ್ ತೆಗೆಯುವ ಎಷ್ಟೋ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.