ಕೈಗೆ ಸಿಕ್ಕ ಸೌಲನನ್ನು ದಾವೀದ ಯಾಕೆ ಕೊಲ್ಲಲಿಲ್ಲ?

ಸೌಲನನ್ನು ಇಸ್ರಾಯೇಲಿನ ಅರಸನಾಗಿ ಕೂರಿಸಿದವನು ದೇವರು, ಇಳಿಸಬೇಕಾದವನೂ ದೇವರೇ ಎಂದು, ಸೌಲನ ನಂತರ ಅರಸನಾಗಲಿದ್ದ ದಾವೀದ ನಂಬಿದ್ದ. ಅದಕ್ಕೇ ಕೊಲ್ಲಲಿಲ್ಲ.

ಬೈಬಲಿನ ಒಂದನೇ ಸಮುವೇಲ 24ನೇ ಅಧ್ಯಾಯ ನೋಡಿ. ದಾವೀದನನ್ನು ಕೊಲ್ಲಲು 3000 ಜನರೊಂದಿಗೆ ಬೆನ್ನುಹತ್ತಿದ್ದ ಸೌಲ, ಏಂಗೆದಿ ಎಂಬ ಜಾಗದಲ್ಲಿ ಶೌಚಕ್ಕೆಂದು ಒಂದು ಗವಿಗೆ ಹೋಗುತ್ತಾನೆ. ದಾವೀದ ಅಡಗಿದ್ದದ್ದೂ ಅಲ್ಲೇ! ಅವನು ಸದ್ದಿಲ್ಲದೆ ಸೌಲನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿದ. ಅಷ್ಟಕ್ಕೇ ಮನಸ್ಸು ಚುಚ್ಚಿತು. ಯಾಕೆಂದರೆ ಸೌಲ 'ಅಭಿಷಿಕ್ತ', ಅಂದರೆ ತಲೆಗೆ ಎಣ್ಣೆ ಹೊಯ್ದು ದೇವರು ಆರಿಸಿದವನು. ಅವನನ್ನು ಕೊಂದರೆ ದೇವರ ತೀರ್ಪನ್ನು ತಾನೇ ಕೈಗೆತ್ತಿಕೊಂಡ ಹಾಗೆ.

ಹಾಗಂತ ದಾವೀದ ಸುಮ್ನೆ ಬಿಡಲಿಲ್ಲ. ಹೊರಗೆ ಬಂದು, ಅಡ್ಡಬಿದ್ದು, ಆ ಬಟ್ಟೆಯ ತುಂಡು ತೋರಿಸಿ, ತನ್ನ ತಪ್ಪೇನು ಎಂದು ನೇರವಾಗಿ ಕೇಳಿದ. ಗೌರವ ಅಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ, ಅಲ್ವಾ? ಸೌಲ ಅತ್ತುಬಿಟ್ಟ. ಆದರೂ ದಾವೀದ ಅವನ ಹಿಂದೆ ಹೋಗಲಿಲ್ಲ, ತನ್ನ ಅಡಗುತಾಣಕ್ಕೇ ಮರಳಿದ.